ಹಲಗೆಯ ಹಿಂಬದಿ

ಬೆಳಗ್ಗೆ ಎದ್ದಾಗಿನಿಂದ ಮೇಷ್ಟ್ರ ಬಾಯಲ್ಲಿ ಅದೇ ಅದೇ. ಹಲ್ಲುಜ್ಜುವಾಗ ರ, ಮುಖ ತೊಳೆಯುವಾಗ ಟ ಪ, ಅಂಗಿಯ ಗುಂಡಿಗಳನ್ನು ತಡಕಾಡಿ ಹಾಕಿಕೊಳ್ಳುವಾಗ ಗ ಲ ನ. ಮೇಲಿನಿಂದ ಕೆಳಕ್ಕೆ, ದೊಡ್ಡದರಿಂದ ಚಿಕ್ಕದಕ್ಕೆ, ಒಂದೂ ಆಚೀಚೆಯಾಗದಂತೆ. ಕೊನೆಯ ಸಾಲಿಗೆ ಬಂದು ಳ ರ ಣ ಪ ಹ ಟ ಎಂದು ಮುಗಿಸಿ, ಮತ್ತೆ ಮೊದಲಿನಿಂದ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಗೋಡೆಯಾಚೆಯ ಈ ಗುನುಗು ಕೇಳಿಸಿ, "ಏನ್ರೀ ಅದು, ಬೆಳಗಾಗೆದ್ದು ಜಪ? ಈ ವಯಸ್ಸಲ್ಲಿ ಯಾವ ದೇವ್ರನ್ನ ಒಲಿಸ್ಕೋಬೇಕು ಅಂತಿದೀರಿ?" ಎಂದಳು. "ಹಾಡು ಕಣೇ" ಎಂದರು ಮೇಷ್ಟ್ರು. "ಹಾಡಾದ್ರೆ ಒಂಚೂರು ರಾಗ ಇರ್ಲಿ, ಪಕ್ಕದ ಮನೆಯವ್ರು ಏನಂದ್ಕೋತಾರೆ" ಎಂದು ಅವಳು ನಕ್ಕಳು. ಅವರೂ ನಕ್ಕರು. ನಗುತ್ತಲೇ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಇವತ್ತು ಕಣ್ಣಿನ ಇಂಜೆಕ್ಷನ್ ದಿನ. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಅಕ್ಷರದ ಹಲಗೆ ಓದುವ ಪರೀಕ್ಷೆ. ಅರ್ಧ ಊರಿಗೆ ಕನ್ನಡಕ ಹಾಕಿಸಿದ ಮನುಷ್ಯ ಆ ಪರೀಕ್ಷೆಯಲ್ಲಿ ಕಳ್ಳ ಹುಡುಗನ ಹಾಗೆ ಬಾಯಿಪಾಠ ಒಪ್ಪಿಸಿ ಬರಬೇಕು.

ಚಿಲಕ ಹಾಕಿಕೊಂಡದ್ದು ಡ್ರಾಪ್ಸ್‌ಗಾಗಿ. ಕಣ್ಣಿನ ಒಳಗಿನ ಒತ್ತಡ ಇಳಿಸುವ ಮದ್ದು ಅದು. ಬೆಳಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಬಲಗಣ್ಣಿಗೆ. ತಲೆ ಹಿಂದಕ್ಕೆಸೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಎಲ್ಲಿದೆಯೆಂದು ನೋಡಿದರೆ ತುದಿಯೇ ಇಲ್ಲ. ಅದು ಇರಬೇಕಾದ ಕಡೆ ಒಂದು ಕಂದು ಮಬ್ಬು. ಮಬ್ಬಿನ ಸುತ್ತ, ಈಚೀಚೆಗೆ, ಅಂಚುಗಳಿಂದ ಒಳಗೊಳಗೆ ಸರಿದು ಬರುತ್ತಿರುವ ಕತ್ತಲೆ. ಅಂದಾಜಿನಲ್ಲಿ ಹಿಂಡಿದರು. ತಣ್ಣನೆಯ ಹನಿ ಮೂಗಿನ ಮೇಲೆ ಬಿತ್ತು. ಇನ್ನೊಂದು ಹುಬ್ಬಿಗೆ ಬಿತ್ತು. ಮತ್ತೊಂದು ಕೆನ್ನೆಗುಂಟ ಇಳಿದು ಕುತ್ತಿಗೆಪಟ್ಟಿಯೊಳಕ್ಕೆ ಹೋಯಿತು. ಕಣ್ಣಿಗೆ ಬಿದ್ದರೆ ಉರಿಯಬೇಕು, ಉರಿಯಲಿಲ್ಲ. ಹೆಂಡತಿಯ ಕೈಗೆ ಕೊಟ್ಟಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ. ಮೊದಮೊದಲು ಅವಳು ಕೈಚಾಚಿಯೂ ಇದ್ದಳು. "ಜೀವಮಾನವೆಲ್ಲ ಕಂಡೋರ ಕಣ್ಣು ನೋಡಿದೋನಿಗೆ ನನ್ನ ಕಣ್ಣಿಗೆ ಹನಿ ಹಾಕ್ಕೊಳಕ್ಕೆ ಬರಲ್ವಾ?" ಎಂದು ಗದರಿಬಿಟ್ಟಿದ್ದರು. ಅವಳು ಹತ್ತಿರ ಬಂದರೆ ಗೊತ್ತಾಗಿಬಿಡುತ್ತದೆ. ಅವಳ ಮುಖದ ನಡುಭಾಗ ಕಂಡು ಯಾವ ಕಾಲವಾಯಿತೋ. ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, ಕಣ್ಣಿರಬಹುದಾದ ಎತ್ತರಕ್ಕೆ ನೋಟ ನಿಲ್ಲಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಹೊರಗೆ ಬಂದಾಗ ಕೆನ್ನೆ ಒದ್ದೆಯಾಗಿಯೇ ಇತ್ತು. ಹೆಂಡತಿ ಸೆರಗಿನಿಂದ ಒರೆಸಿದಳು. "ಗಂಡಸರಾಗಿ ಹೀಗೆ ದಿನಾ ಒಳಗ್ಹೋಗಿ ಅತ್ಕೊಂಡು ಬಂದ್ರೆ ನಾನೇನ್ ಮಾಡ್ಲಿ? ಎಲ್ಲಾ ಸರಿಹೋಗುತ್ತೆ ಕಣ್ರೀ" ಎಂದಳು. ಅತ್ತದ್ದೆಂದೇ ಅವಳು ತಿಳಿಯಲಿ ಎಂದು ಸುಮ್ಮನಾದರು. ಹನಿ ಗುರಿ ತಪ್ಪಿತು ಎನ್ನುವುದಕ್ಕಿಂತ ಅಳು ಬಂತು ಎನ್ನುವುದರಲ್ಲಿ ಮರ್ಯಾದೆ ಉಳಿಯುತ್ತಿತ್ತು.

ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಕನ್ನಡಕದ ಅಂಗಡಿ ಅವರದು. ಉದ್ದನೆಯ ಕೋಣೆಯ ಆ ತುದಿಯಲ್ಲಿ ಅಕ್ಷರಗಳ ಹಲಗೆ, ಹಲಗೆಯ ಪಕ್ಕದಲ್ಲಿ ತೆಳ್ಳನೆಯ ಕೋಲು ಹಿಡಿದು ಇವರು, ಈ ತುದಿಯ ಕುರ್ಚಿಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಮಿಕಮಿಕ ನೋಡುವ ಗಿರಾಕಿ. "ಓದಿ" ಎಂದು ಕೋಲು ಇಟ್ಟರೆ ಬ್ಯಾಂಕಿನ ಮ್ಯಾನೇಜರೂ ನಡುಗಿ ಓದುತ್ತಿದ್ದ. ಹಾಗೆ ಬಿದ್ದ ಹೆಸರು. ಮಗಳು ಅಂಗಡಿಯ ನೆಲದ ಮೇಲೆ ಮುರಿದ ಫ್ರೇಮುಗಳ ಜೊತೆ ಆಡುತ್ತ ಬೆಳೆದವಳು. ಅ ಆ ಇ ಈ ಕಲಿಯುವ ಮೊದಲೇ ರ, ಟ ಪ, ಗ ಲ ನ ಕಲಿತುಬಿಟ್ಟಿದ್ದಳು. ಶಾಲೆಗೆ ಸೇರಿಸಿದ ದಿನ ಅಕ್ಷರಮಾಲೆ ಹೇಳು ಎಂದರೆ ಹಲಗೆಯನ್ನು ಪೂರ್ತಿ ಹೇಳಿ, ಟೀಚರಮ್ಮ ತಪ್ಪು ಎಂದದ್ದಕ್ಕೆ "ನಮ್ಮಪ್ಪನ ಅಂಗಡೀಲಿ ಹಿಂಗೇ ಇರೋದು" ಎಂದು ಜಗಳ ಆಡಿ ಬಂದಿದ್ದಳು. ಅದನ್ನು ಹೇಳಿಕೊಂಡು ಮನೆಮಂದಿಯೆಲ್ಲ ಎಷ್ಟು ವರ್ಷ ನಕ್ಕಿದ್ದರು! ಆ ಪುಟ್ಟಿಗೆ ಈಗ ಕಿವಿಯ ಪಕ್ಕ ನರೆ. ಅಂಗಡಿಯ ಕೋಲೂ ಅವಳ ಕೈಯಲ್ಲೇ. ಮೇಷ್ಟ್ರಿಗೆ ಉಳಿದದ್ದು ಬಾಗಿಲ ಪಕ್ಕದ ಸ್ಟೂಲು. ಅಲ್ಲಿ ಕೂತು ಸಡಿಲವಾದ ಸ್ಕ್ರೂ ಬಿಗಿಯುತ್ತಾರೆ, ಕಡ್ಡಿ ಬಗ್ಗಿಸುತ್ತಾರೆ, ಗಾಜು ಒರೆಸುತ್ತಾರೆ. ಕಣ್ಣಿಲ್ಲದೆ, ಬೆರಳಿನಲ್ಲೇ. ಬಂದವರೆಲ್ಲ "ನಮಸ್ಕಾರ ಮೇಷ್ಟ್ರೇ" ಎನ್ನುತ್ತಾರೆ, ಇವರು ಧ್ವನಿಯ ಕಡೆಗೆ "ಬನ್ನಿ ಬನ್ನಿ" ಎನ್ನುತ್ತಾರೆ. ಆ ಸ್ಟೂಲು ಹೋದರೆ ಮನೆಯ ಮೂಲೆಯೇ ಗತಿ. ಕಾಣುವುದಿಲ್ಲ ಎಂದು ಆಸ್ಪತ್ರೆಯವರು ಒಂದು ಸಲ ಬರೆದರೆ ಮಗಳು ಒಂದು ದಿನವೂ ಅಲ್ಲಿ ಕೂರಗೊಡುವುದಿಲ್ಲ, ಅದು ಅವರಿಗೆ ಗೊತ್ತು. ಪ್ರೀತಿಯಿಂದಲೇ ಎಬ್ಬಿಸಿ ಕಳಿಸುತ್ತಾಳೆ.

ಎಡಗಣ್ಣು ಎಂದೋ ಹೋಗಿತ್ತು, ಈ ಇಂಜೆಕ್ಷನ್ ಎನ್ನುವುದು ಬರುವ ಮೊದಲೇ. ಬಲಗಣ್ಣಿನ ಹಿಂದಿನ ಪರದೆಯಲ್ಲೂ ಅದೇ ರೋಗ ಕಾಣಿಸಿಕೊಂಡಾಗ ಡಾಕ್ಟರು ಧೈರ್ಯ ಹೇಳಿದ್ದರು: ಸೋರುವ ನಾಳಗಳನ್ನು ಮದ್ದು ಒಣಗಿಸುತ್ತದೆ, ತಿಂಗಳಿಗೊಮ್ಮೆ ಕಣ್ಣಿನೊಳಕ್ಕೇ ಚುಚ್ಚಬೇಕು, ಅಷ್ಟೆ. ಆದರೆ ಕಣ್ಣು ಎನ್ನುವುದು ಬಾಯಿ ಕಟ್ಟಿದ ಚೀಲ. ಒಳಕ್ಕೆ ಒಂದು ತೊಟ್ಟು ಹೆಚ್ಚು ಹೋದರೂ ಬಿಗಿಯುತ್ತದೆ. ಚುಚ್ಚಿದ ಕೂಡಲೇ ಒತ್ತಡ ಏರಿ ಎಲ್ಲ ಕಪ್ಪಾಗಬಹುದು, ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. "ಇಳೀಲಿಲ್ಲ ಅಂದ್ರೆ ಮಾತ್ರ ತಕ್ಷಣ ಹೇಳ್ಬೇಕು ಮೇಷ್ಟ್ರೇ, ಸಣ್ಣ ಸೂಜೀಲಿ ಒಂದು ಹನಿ ನೀರು ತೆಗೆದ್ರೆ ಮುಗೀತು. ತಡ ಮಾಡಿದ್ರೆ ನರ ಸತ್ತೋಗುತ್ತೆ, ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ." ಮೊದಲಿನ ಸಲಗಳಲ್ಲಿ ಹೇಳಿದ ಹಾಗೇ ಆಗಿತ್ತು, ಕತ್ತಲೆ, ಬೂದು, ಆಮೇಲೆ ದೀಪ. ಹಲಗೆಯನ್ನು ಮನಸ್ಸಿನಲ್ಲಿ ಒಂದಾವೃತ್ತಿ ಹೇಳಿಕೊಂಡು ಮುಗಿಸುವಷ್ಟರಲ್ಲಿ ಬೆಳಕು ವಾಪಸು ಬರುತ್ತಿತ್ತು. ಬರುಬರುತ್ತ ಒತ್ತಡ ಇಂಜೆಕ್ಷನ್ ಇಲ್ಲದ ದಿನಗಳಲ್ಲೂ ಇಳಿಯದೆ ನಿಂತಿತು. ಆಗ ಬಂದದ್ದು ಡ್ರಾಪ್ಸ್. ಆಗಲೇ ಡಾಕ್ಟರು ಎದ್ದು ಹೋಗುತ್ತ ಒಂದು ಮಾತು ಹೇಳಿದ್ದರು: "ಪ್ರೆಶರ್ ಹೀಗೇ ಇದ್ದು, ಚಾರ್ಟ್ ಓದೋದೂ ಕಮ್ಮಿ ಆದ್ರೆ ಇಂಜೆಕ್ಷನ್ ನಿಲ್ಲಿಸಿ ಬೇರೆ ದಾರಿ ನೋಡ್ಬೇಕಾಗುತ್ತೆ." ನಿಲ್ಲಿಸಿದರೆ ನಡುವಿನ ಮಬ್ಬು ಬೆಳೆಯುತ್ತದೆ, ನಿಲ್ಲಿಸದಿದ್ದರೆ ಅಂಚಿನ ಕತ್ತಲೆ ಬೆಳೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಬೇರೆ ದಾರಿ ಎಂದರೆ ಏನೆಂದು ಕೇಳಲಿಲ್ಲ. ಮುಂದಿನ ಸಲ ಹಲಗೆಯ ಮುಂದೆ ಕೂತಾಗ ಮಬ್ಬಿನೊಳಗಿಂದ ಒಂದು ಅಕ್ಷರವೂ ಎದ್ದು ಬರದೆ, ಒಂದು ಗಳಿಗೆ ಬೆವತು, ಆಮೇಲೆ ಬಾಯಿ ತಾನಾಗಿ ಶುರು ಮಾಡಿತ್ತು: ರ. ಟ ಪ. ಗ ಲ ನ. ಆ ಆಸ್ಪತ್ರೆ ಶುರುವಾದಾಗ ಆ ಹಲಗೆಯನ್ನು ತರಿಸಿಕೊಟ್ಟವರೂ ಇವರೇ. ತಮ್ಮ ಅಂಗಡಿಯದರ ಜೋಡಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಆ ಸಂಜೆ ತಮ್ಮನ್ನೇ ಬೈದುಕೊಂಡಿದ್ದರು. ಅದಾದ ಮೇಲೆ ಪ್ರತಿ ತಿಂಗಳೂ ಮೇದರು.

ಇವತ್ತು ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲಿ ನಿರ್ಧಾರ ಮಾಡಿದರು. ಬೆಳಗ್ಗೆ ಕಣ್ಣು ಬಿಟ್ಟಾಗ ಬೆಳಗಾಗಿದೆಯೋ ಇಲ್ಲವೋ ಎಂದು ತಿಳಿಯಲು ಬೀದಿಯ ಸದ್ದಿಗಾಗಿ ಕಾಯಬೇಕಾಗಿ ಬಂದಿತ್ತು; ಆ ಹೆದರಿಕೆ ಇನ್ನೂ ಎದೆಯಲ್ಲೇ ಕೂತಿತ್ತು. ಪಕ್ಕದಲ್ಲಿ ಮಗಳು ಅಂಗಡಿಯ ಮಾತಾಡುತ್ತಿದ್ದಳು. ಹೊಸ ಫ್ರೇಮುಗಳೆಲ್ಲ ಮೂಗಿನ ಮೇಲೆ ನಿಲ್ಲುವುದೇ ಇಲ್ಲ, ನಿನ್ನ ಹಾಗೆ ಕಡ್ಡಿ ಬಗ್ಗಿಸೋಕೆ ನಂಗೆ ಬರಲ್ಲ, ಅಂತೆಲ್ಲ. ಇಳಿಯುವಾಗ "ಅಪ್ಪ, ಕೈ ಕೊಡು" ಎಂದಳು. "ನಂಗೇನಾಗಿದೆ ಧಾಡಿ" ಎಂದು ತಾವೇ ಇಳಿದರು. ಮೆಟ್ಟಿಲು ಒಂದು ಕಮ್ಮಿ ಎಣಿಸಿ ನೆಲ ಧಡಕ್ಕನೆ ಬಂದು ಅಂಗಾಲಿಗೆ ಹೊಡೆಯಿತು. ಆಸ್ಪತ್ರೆಯ ಗಾಜಿನ ಬಾಗಿಲು ದಾಟಿ ಒಳಗೆ ಹೋದಾಗ ಎದುರಿಗೆ ಯಾರೋ ತೆಳ್ಳನೆಯವರು ಅಡ್ಡ ನಿಂತಿದ್ದರು. "ಸ್ವಲ್ಪ ದಾರಿ ಬಿಡಿ ಸ್ವಾಮಿ" ಎಂದರು ಮೇಷ್ಟ್ರು. ಬಿಡಲಿಲ್ಲ. "ನಿಮಗೇ ಹೇಳಿದ್ದು" ಎಂದು ಧ್ವನಿ ಏರಿಸಿದರು. ಬೆಂಚಿನ ಮೇಲಿದ್ದ ಯಾರೋ ಕಿಸಕ್ಕೆಂದರು. ಮಗಳು ಜೋರಾಗಿ ನಕ್ಕು, "ಅಪ್ಪ, ಆ ತೂಕದ ಮಷೀನ್‌ಗೂ ನಿನ್ನ ಕಂಡ್ರೆ ಭಯ ಇಲ್ವಲ್ಲೋ" ಎಂದಳು. ತಮಾಷೆ ಮಾಡಿದ್ದೆಂದೇ ತಿಳಿದಿದ್ದಳು. ಮೇಷ್ಟ್ರೂ ನಕ್ಕು ಅದರ ನೆತ್ತಿ ತಟ್ಟಿದರು. ಕಬ್ಬಿಣ ತಣ್ಣಗಿತ್ತು. ಅವಮಾನವನ್ನು ತಮಾಷೆಯಾಗಿ ಮಾರುವ ವ್ಯಾಪಾರದಲ್ಲಿ ಅವರು ಈಗ ಪಳಗಿದ್ದರು.

ಹಲಗೆಯ ಕೋಣೆ ನೋಡಿಕೊಳ್ಳುವವಳು ದೀಪದಮ್ಮ. ಅವಳ ನಿಜವಾದ ಹೆಸರು ಏನೋ ಇತ್ತು. ಹಲಗೆಯ ಮೇಲಿನ ದೀಪ ಹಾಕುವವಳು ಅಂತ ಮೇಷ್ಟ್ರು ಇಟ್ಟ ಹೆಸರೇ ನಿಂತಿತ್ತು. ನಿವೃತ್ತಿಗೆ ಹತ್ತಿರವಾದ ಹೆಂಗಸು, ಉಸಿರುಬಿಡದ ಮಾತುಗಾತಿ. "ಬನ್ನಿ ಬನ್ನಿ ಮೇಷ್ಟ್ರೇ, ನನ್ನ ಮೂಗಿನ ಮೇಲಿರೋದು ಇವತ್ತಿಗೂ ನೀವು ಕೊಟ್ಟಿದ್ದೇ, ನೋಡಿ" ಎಂದು ಪ್ರತಿ ಸಲದ ಮಾತು ಹೇಳಿ ಕುರ್ಚಿಯಲ್ಲಿ ಕೂರಿಸಿದಳು. ದೀಪ ಹತ್ತಿದ ಟಕ್ ಸದ್ದು ಕೇಳಿಸಿತು. ಎದುರಿಗೆ ಮಬ್ಬಿನಾಚೆ ಒಂದು ಬಿಳಿಚಿದ ಕಲೆ, ಅಷ್ಟೆ. ಆ ಕಲೆಯನ್ನೇ ನೋಡುತ್ತ ಕೂತವರಿಗೆ ಒಬ್ಬ ಬಸ್ ಡ್ರೈವರ್ ನೆನಪಾದ. ಎಷ್ಟೋ ವರ್ಷದ ಹಿಂದೆ ಕಣ್ಣಿನ ಸರ್ಟಿಫಿಕೇಟಿಗೆ ಅಂಗಡಿಗೆ ಬಂದಿದ್ದವನು. ದಪ್ಪ ಮೀಸೆ, ಖಾಕಿ ಅಂಗಿ. ಕೋಲು ಇಡುವ ಮೊದಲೇ ಗಡಗಡನೆ ಓದಿಬಿಟ್ಟ, ಓದುವ ಕಣ್ಣು ಎಂದೂ ಓಡದ ವೇಗದಲ್ಲಿ. ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕು ಹಲಗೆಯನ್ನು ಮೊಳೆಯಿಂದ ತೆಗೆದು ತಿರುಗಿಸಿ ಹಾಕಿದರು. ಹಿಂಬದಿಯಲ್ಲೂ ಅಕ್ಷರ, ಬೇರೆ ಸಾಲು. "ಈಗ ಓದಪ್ಪ ಮಹಾರಾಯ." ಡ್ರೈವರ್ ಬಾಯಿ ತೆರೆದ, ಮುಚ್ಚಿದ. ಅಂಗಡಿಯೆಲ್ಲ ಗೊಳ್ಳೆಂದಿತು. ಈ ಕತೆಯನ್ನು ಮೇಷ್ಟ್ರು ಮದುವೆಮನೆಗಳಲ್ಲಿ, ಹರಟೆಕಟ್ಟೆಗಳಲ್ಲಿ ನೂರು ಸಲ ಹೇಳಿದ್ದರು, ಹೇಳಿದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕಿದ್ದರು. ಆಮೇಲೆ ನಡೆದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅದರಲ್ಲೇನಿದೆ ಅನ್ನಿಸಿತ್ತು. ನಗು ಅಡಗಿದ ಮೇಲೆ ಆ ಮನುಷ್ಯ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುಖ ಒರೆಸಿಕೊಂಡು, ಉದ್ದಕ್ಕೆ ಉಸಿರು ಬಿಟ್ಟು, "ಅಬ್ಬ, ಮುಗೀತು. ಇನ್ನು ನಿದ್ದೆ ಮಾಡ್ಬೋದು ಮೇಷ್ಟ್ರೇ" ಅಂದಿದ್ದ. ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಆಗ ಅದು ವಿಚಿತ್ರ ಅನ್ನಿಸಿತ್ತು. ಈಗ ಕುರ್ಚಿಯ ಕೈ ಹಿಡಿದು ಕೂತ ಮೇಷ್ಟ್ರಿಗೆ ಆ ಉಸಿರು ಹೊಟ್ಟೆಕಿಚ್ಚು ತರಿಸಿತು. ಯಾರಾದರೂ ಬಂದು ತಿರುಗಿಸಬಾರದೇ! ಆದರೆ ಈ ಹಲಗೆಯನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿಬಿಟ್ಟಿದ್ದರು. ಅದಕ್ಕೊಂದು ಹಿಂಬದಿ ಇದೆಯೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹೂಂ, ಓದಿ ಮೇಷ್ಟ್ರೇ."

"ಕಾಣ್ತಿಲ್ಲಮ್ಮ."

ಹೇಳಿಬಿಟ್ಟರು. ಹೇಳಿದ್ದು ತಮ್ಮದೇ ಬಾಯಿ ಎಂದು ನಂಬಲಾಗಲಿಲ್ಲ. ಇನ್ನು ಆಗುವುದೆಲ್ಲ ಆಗಲಿ ಎಂದು ಕಣ್ಣು ಮುಚ್ಚಿದರು. ದೀಪದಮ್ಮ ನಕ್ಕಳು. "ಆಹಾ! ಸಾಕು ಬಿಡಿ. ಹೋದ್ ಸಲ ಕೊನೇ ಸಾಲಿನ ತನಕ ಪಟಪಟ ಅಂತ ಓದಿ ನನ್ನೇ ಸುಸ್ತು ಮಾಡಿದ್ರಿ. ನಿಮ್ಮ ತಮಾಷೆ ಎಲ್ಲಾ ಆ ತೂಕದ ಮಷೀನ್ ಹತ್ರ ಇಟ್ಕೊಳಿ." ಸುದ್ದಿ ಆಗಲೇ ಒಳಗೆ ಬಂದಿತ್ತು. "ಇಲ್ಲಮ್ಮ, ನಿಜವಾಗ್ಲೂ—" ಎಂದರು. ಬಾಗಿಲ ಹತ್ತಿರ ನಿಂತಿದ್ದ ಮಗಳು, "ಅಪ್ಪನಿಗೆ ಇವತ್ತು ತುಂಟತನ ಜಾಸ್ತಿ" ಎಂದು ಒಳಗೆ ಬಂದು, ಅವರ ಹೆಗಲ ಮೇಲೆ ಎರಡೂ ಕೈ ಇಟ್ಟು, ಕಿವಿಯ ಹತ್ತಿರ ಬಾಗಿದಳು. ಚಿಕ್ಕವಳಿದ್ದಾಗ ಹೀಗೇ ಹಿಂದಿನಿಂದ ಬಂದು ಜೋತುಬೀಳುತ್ತಿದ್ದಳು, ಆಗಲೂ ಹೀಗೇ ಕಿವಿಯೊಳಕ್ಕೆ ಬಿಸಿ ಉಸಿರು. ಅಂಗಡಿಯ ನೆಲದಲ್ಲಿ ಆಡುತ್ತಿದ್ದಾಗಿನ ಅದೇ ರಾಗದಲ್ಲಿ ಶುರು ಮಾಡಿದಳು: "ರಾ... ಟಾ ಪಾ..." ಅಲ್ಲಿಗೆ ನಿಲ್ಲಿಸಿ ಕಾದಳು. ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದಳು, ಮುಂದಿನದು ಅಪ್ಪನ ಪಾಲು, ಎಂದೂ ತಪ್ಪಿದ್ದಿಲ್ಲ. ಬೇಡ, ಬೇಡ ಎಂದುಕೊಂಡರು ಮೇಷ್ಟ್ರು. ಹಲ್ಲು ಕಚ್ಚಿದರು. ಬಾಯಿ ಕೇಳಲಿಲ್ಲ. "ಗ ಲ ನ" ಎಂದಿತು. "ದ ಸ ವ ಠ" ಎಂದಿತು. ಕೊನೆಯ ಸಾಲನ್ನು ಅಪ್ಪ ಮಗಳು ಒಟ್ಟಿಗೇ ಹೇಳಿ ಮುಗಿಸಿದರು. "ಹೋಗ್ಲಿ ಬಿಡಿ, ನಿಮ್ಮ ಮನೆತನಕ್ಕೇ ಬೇರೆ ಚಾರ್ಟ್ ಬೇಕು" ಎಂದು ದೀಪದಮ್ಮ ಸರಸರ ಬರೆದುಕೊಂಡಳು. ದೀಪ ಆರಿತು. ಬಿಳಿಚಿದ ಕಲೆಯೂ ಹೋಯಿತು.

ಗಾಳಿ ಊದುವ ಯಂತ್ರದ ಮುಂದೆ ಗದ್ದ ಇಟ್ಟು ಒತ್ತಡ ಅಳೆಸಿಕೊಂಡು ಡಾಕ್ಟರ ಕೋಣೆಗೆ ಹೋದಾಗ ಮೇಷ್ಟ್ರ ಮನಸ್ಸು ಒದ್ದೆ ಬಟ್ಟೆಯಂತೆ ಮುದುಡಿ ಬಿದ್ದಿತ್ತು. ಡಾಕ್ಟರು ಒಳ್ಳೆಯವರು, ಆದರೆ ಹೊರಗೆ ಬೆಂಚು ತುಂಬ ಜನ. "ಪ್ರೆಶರ್ ಮತ್ತೆ ಏರಿದ್ಯಲ್ಲ ಮೇಷ್ಟ್ರೇ. ಡ್ರಾಪ್ಸ್ ಹಾಕ್ಕೋತಿದೀರಾ?" ಎಂದರು. "ತಪ್ಪಿಸಲ್ಲ" ಎಂದರು ಮೇಷ್ಟ್ರು. ತಪ್ಪಿಸುತ್ತಿರಲಿಲ್ಲ, ಅದು ನಿಜವೇ, ತಪ್ಪುತ್ತಿದ್ದದ್ದು ಗುರಿ. "ಅಮ್ಮ ಹೇಳ್ತಾರೆ, ಬಾಗಿಲು ಹಾಕ್ಕೊಂಡು ಪೂಜೆ ಥರ ಹಾಕ್ಕೋತಾರಂತೆ" ಎಂದಳು ಮಗಳು. ಡಾಕ್ಟರು ಕಾಗದ ತಿರುವಿದ ಸದ್ದು. "ಬೇರೆಯವ್ರಾಗಿದ್ರೆ ನಾನು ಇವತ್ತು ಚುಚ್ತಿರ್ಲಿಲ್ಲ. ಮೊದಲು ಪ್ರೆಶರ್‌ದೇ ನೋಡೋಣ ಅಂತಿದ್ದೆ. ಆದ್ರೆ ಕೊನೇ ಸಾಲಿನ ತನಕ ಓದಿದೀರಲ್ಲ! ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರೋ ಮದ್ದನ್ನ ಬಿಡಿಸೋಕೆ ಮನಸ್ಸು ಬರಲ್ಲ." ಈಗಲೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೆಗಲ ಮೇಲೆ ಮಗಳ ಕೈ ಇನ್ನೂ ಹಾಗೇ ಇತ್ತು, ಆ ಕೈಯಲ್ಲಿ ಒಂದು ಬಗೆಯ ಹೆಮ್ಮೆ ಬೆಚ್ಚಗೆ ಕೂತಿತ್ತು. ಬಿಸಿತುಪ್ಪ ಬಾಯಿಗೆ ಬಿದ್ದವರಂತೆ ಉಗುಳಲಾರದೆ ನುಂಗಿಕೊಂಡರು.

ಮರಗಟ್ಟಿಸುವ ಹನಿ, ಕಂದು ನೀರಿನ ತೊಳೆತ, ಮುಖದ ಮೇಲೆ ತೂತಿನ ಬಟ್ಟೆ, ರೆಪ್ಪೆಗಳನ್ನು ಅಗಲಿಸಿ ಹಿಡಿಯುವ ತಂತಿ. ಎಲ್ಲ ಗೊತ್ತಿದ್ದದ್ದೇ. "ಮೇಲೆ ನೋಡಿ" ಎಂದರು ಡಾಕ್ಟರು. ಮೇಲೆ ಎನ್ನುವುದು ಯಾವ ಕಡೆಯೋ ಅತ್ತ ನೋಡಿದರು. ಹೆಬ್ಬೆರಳಿನಿಂದ ಒತ್ತಿದಂಥ ನೋವು, ಒಳಗೆ ಏನೋ ಬಿಗಿದುಕೊಂಡು ಹುಬ್ಬಿನ ಮೂಳೆಯ ತನಕ ಏರಿದ್ದು, ಮತ್ತು ಉಳಿದಿದ್ದ ಬೂದು ಬೆಳಕು ಅಂಚಿನಿಂದ ಒಳಗೆ ಸರಿದು, ಸರಿದು, ಬಟ್ಟಲಿನ ತಳದಷ್ಟಾಗಿ, ಇಲ್ಲವಾದದ್ದು. ಕಪ್ಪೂ ಅಲ್ಲ ಅದು. ಬೆನ್ನ ಹಿಂದೆ ಏನು ಕಾಣುತ್ತದೆ ಎಂದು ಕೇಳಿದರೆ ಏನು ಹೇಳುತ್ತೀರಿ, ಹಾಗೆ. ಬಟ್ಟೆ ತೆಗೆದರು. "ಎಷ್ಟು ಬೆರಳು ಮೇಷ್ಟ್ರೇ?" ಎಂದಿತು ಡಾಕ್ಟರ ಧ್ವನಿ. ಕುರುಡರನ್ನು ಪರೀಕ್ಷಿಸುವ ಜನ ಮೊದಲು ತೋರಿಸುವುದು ಎರಡನ್ನೇ. ಒಂದು ತೀರಾ ಸುಲಭವಾಯಿತು ಅನ್ನಿಸುತ್ತದೆ, ಮೂರಕ್ಕೆ ಬೆರಳು ಹೊಂದಿಸಿಕೊಳ್ಳಬೇಕು. ತಾವೂ ಜೀವಮಾನವೆಲ್ಲ ಎರಡನ್ನೇ ತೋರಿಸಿದವರು. "ಎರಡು" ಎಂದರು. "ಶಭಾಷ್" ಎಂದು ಡಾಕ್ಟರು ಕೈಗವಸು ಕಳಚಿದ ಚಟ್ ಸದ್ದು, ನೀರಿನ ಸದ್ದು, ಮುಂದಿನವರನ್ನು ಕರೆದ ಸದ್ದು. ಈಗ ಬರುತ್ತದೆ ಬೆಳಕು, ಎಂದೂ ಬಂದಂತೆ, ಎಂದುಕೊಂಡರು. ಅಷ್ಟು ಹೊತ್ತಿಗಾಗಿ ಮತ್ತೊಂದು ರಾದ್ಧಾಂತ ಯಾಕೆ.

ಹೊರಗಿನ ಬೆಂಚಿಗೆ ಮಗಳು ಕರೆತಂದು ಕೂರಿಸಿದಳು. ಈ ಸಲ ಕೈ ಹಿಡಿದುಕೊಂಡರು. ಇಂಜೆಕ್ಷನ್ ಆದವರು ಹಿಡಿದುಕೊಳ್ಳಬಹುದು, ಅದರಲ್ಲಿ ನಾಚಿಕೆಯಿಲ್ಲ. ಮನಸ್ಸಿನಲ್ಲೇ ಹಲಗೆ ಶುರು ಮಾಡಿದರು. ರ. ಟ ಪ. ಕೊನೆಯ ಸಾಲು ಮುಗಿಯಿತು, ಬೆಳಕು ಬರಲಿಲ್ಲ. ಬೇಗ ಹೇಳಿದೆನೇನೋ ಎಂದು ಎರಡನೆಯ ಸಲ ನಿಧಾನವಾಗಿ ಹೇಳಿದರು. ಕಣ್ಣು ಕಲ್ಲಾಗಿತ್ತು, ಹಣೆ ಸಿಡಿಯುತ್ತಿತ್ತು. ಹೇಳಬೇಕು, ಈಗ ಹೇಳಬೇಕು, ಪುಟ್ಟಿ ಎಂದು ಕರೆಯಲು ಬಾಯಿ ತೆರೆದರು. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

"ಅಪ್ಪ, ಒಂದ್ ವಿಷ್ಯ. ಬೈಬೇಡ. ನಾನು ಹೆದರಿದ್ದೆ, ನಿನ್ನ ಕಣ್ಣು ಪೂರ್ತಿ ಹೋಯ್ತೇನೋ ಅಂತ. ಅದಕ್ಕೇ ನಿನ್ನ ಸ್ಟೂಲ್ ಮೇಲೆ ಕೂರಿಸಿದ್ದು, ಹಲಗೆ ಹತ್ರ ಬಿಡ್ಲಿಲ್ಲ. ತಪ್ಪಾಯ್ತು ನಂದು. ಕೊನೇ ಸಾಲು ಓದೋನನ್ನ ಬಾಗಿಲು ಕಾಯಕ್ಕೆ ಹಾಕಿದ್ನಲ್ಲ! ನಾಳೆಯಿಂದ ಕೋಲು ನೀನೇ ಹಿಡ್ಕೋ. ನಾನು ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋತೀನಿ. ಜನ ಈಗ್ಲೂ ಕೇಳ್ತಾರೆ ಗೊತ್ತಾ, ಮೇಷ್ಟ್ರು ಯಾಕೆ ಓದ್ಸಲ್ಲ ಅಂತ."

ಮೇಷ್ಟ್ರು ಬಾಯಿ ಮುಚ್ಚಿದರು. ಕೋಲಿನ ಹಿಡಿಯ ನುಣುಪು ಅಂಗೈಗೆ ಬಂದಿತು. ಉದ್ದ ಕೋಣೆ, ಆ ತುದಿಯ ಹಲಗೆ, ಈ ತುದಿಯಲ್ಲಿ ನಡುಗುತ್ತ ಕೂತ ಗಿರಾಕಿ, "ಓದಿ" ಎನ್ನುವ ತಮ್ಮದೇ ಗಡಸು ಧ್ವನಿ. ಒಂದೇ ಒಂದು ಗಳಿಗೆ ಅಲ್ಲಿ ಇದ್ದುಬಿಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಂಡರು. ಮಗಳು ಮಾತಾಡುತ್ತಲೇ ಇದ್ದಳು. ಕುರ್ಚಿಗೆ ಹೊಸ ದಿಂಬು ಹಾಕಿಸುತ್ತಾಳಂತೆ, ಹಲಗೆಗೆ ಹೊಸ ದೀಪವಂತೆ, ಅಮ್ಮನಿಗೆ ಈಗಲೇ ಹೇಳುವುದು ಬೇಡವಂತೆ, ನಾಳೆ ಬೆಳಗ್ಗೆ ಅವಳೇ ಬಂದು ನೋಡಲಂತೆ. ಇಷ್ಟು ಸಂತೋಷ ಅವಳ ಧ್ವನಿಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಪಕ್ಕದಲ್ಲಿದ್ದವರು ಎದ್ದು ಹೋದರು, ಬೇರೆ ಯಾರೋ ಬಂದು ಕೂತರು, ಅವರನ್ನೂ ಒಳಗೆ ಕರೆದರು. ಎಲ್ಲೋ ಬಾಗಿಲ ಬೀಗ ಹಾಕಿದ ಸದ್ದಾಯಿತು. ಎದುರಿಗೆ, ಮಗಳ ಧ್ವನಿ ಬರುವ ಕಡೆ, ಏನೂ ಇರಲಿಲ್ಲ.

"ಪುಟ್ಟಿ, ಹಲಗೆ ತಿರುಗಿಸು" ಎಂದರು.

"ಯಾವ ಹಲಗೆ ಅಪ್ಪ?"

"ತಿರುಗಿಸಿ ಕೇಳು ನನ್ನ."

ಅವಳು ಮೊದಲು ನಗಲು ಹೊರಟಳು. ನಗು ಅರ್ಧಕ್ಕೇ ನಿಂತಿತು. ಡ್ರೈವರ್ ಕತೆಯನ್ನು ಅಂಗಡಿಯ ನೆಲದಲ್ಲಿ ಕೂತು ಅವಳೂ ಎಷ್ಟು ಸಲ ಕೇಳಿರಲಿಲ್ಲ! ಬೆಂಚಿನಿಂದ ಎದ್ದದ್ದು ತಿಳಿಯಿತು. ಮುಖದ ಮುಂದೆ ಗಾಳಿ ಅಲುಗಿತು, ಕೈ ಆಡಿಸುತ್ತಿದ್ದಾಳೆ. "ಅಪ್ಪ, ಎಷ್ಟು?" ಎಂದಳು, ಸಣ್ಣ ಧ್ವನಿಯಲ್ಲಿ. ಎರಡು ಎನ್ನಬಹುದಿತ್ತು. "ಗೊತ್ತಿಲ್ಲ ಮಗಳೇ" ಎಂದರು. ಎನ್ನುತ್ತಲೇ ಎದೆಯಿಂದ ಉದ್ದನೆಯ ಉಸಿರು ಹೊರಬಂತು. ಮೆಟ್ಟಿಲ ಮೇಲೆ ಕೂತ ಡ್ರೈವರ್ ಬಿಟ್ಟಂಥದ್ದೇ ಉಸಿರು; ಆದರೆ ಅವನಿಗೆ ಬಂದ ನೆಮ್ಮದಿ ಅದರ ಹಿಂದೆ ಬರಲಿಲ್ಲ. ಮಗಳು ಡಾಕ್ಟರೇ, ಡಾಕ್ಟರೇ ಎಂದು ಕೂಗುತ್ತ ಓಡಿದಳು. ಅವಳ ಚಪ್ಪಲಿಯ ಸದ್ದು ದೂರವಾಗುತ್ತ ಹೋಯಿತು.

ಮತ್ತೆ ಅದೇ ಮಂಚ, ಅದೇ ಬಟ್ಟೆ. ಸಣ್ಣ ಸೂಜಿ ಒಳಗೆ ಹೋದದ್ದು ತಿಳಿಯಿತು, ಏನೋ ಸಡಿಲವಾಯಿತು, ಹಣೆಯ ಸಿಡಿತ ನಿಧಾನಕ್ಕೆ ಇಳಿಯಿತು. ನೋವು ಮಾತ್ರ ಇಳಿಯಿತು. ಡಾಕ್ಟರು ಒಂದು ಸಲವೂ ಮೇಷ್ಟ್ರೇ ಎನ್ನಲಿಲ್ಲ. ಕಣ್ಣಿಗೆ ಯಾವುದೋ ದೀಪ ಹಿಡಿದು ಬಹಳ ಹೊತ್ತು ನೋಡಿದರು. ದೀಪ ಹಿಡಿದದ್ದು ಅದರ ಬಿಸಿಯಿಂದ ಗೊತ್ತಾಯಿತು. ನರ ಬಿಳಿಚಿಕೊಂಡಿದೆ ಎಂದು ಯಾರಿಗೋ ಹೇಳಿದರು. ಇದು ಇವತ್ತಿನದಲ್ಲ, ತಿಂಗಳುಗಳಿಂದ ಒತ್ತಿ ಒತ್ತಿ ಹೋಗಿದೆ, ಉಳಿದಿದ್ದ ಎಳೆಯೂ ಇವತ್ತು ಹೋಯಿತು ಎಂದರು. ಆಮೇಲೆ ಧ್ವನಿ ಬಾಗಿಲ ಕಡೆ ತಿರುಗಿ ಗಡುಸಾಯಿತು: "ಈ ಕಣ್ಣು ಬೆಳಗ್ಗೆ ಮೊದಲನೇ ಅಕ್ಷರನೂ ಓದಿರೋಕೆ ಸಾಧ್ಯ ಇಲ್ಲ. ಕೊನೇ ಸಾಲು ಓದಿದ್ರು ಅಂತ ಬರ್ದಿದೀಯಲ್ಲ, ಏನಮ್ಮ ಇದು? ಹೊರಗೆ ಕೂತು ಬರೆದ್ಯಾ?" ದೀಪದಮ್ಮನ ಉಸಿರು ಕೇಳಿಸಿತು. "ಓದಿದ್ರು ಸಾರ್... ದೇವ್ರಾಣೆ ಓದಿದ್ರು. ಒಂದೂ ತಪ್ಪಿಲ್ದೆ ಓದಿದ್ರು. ಕೇಳಿ, ಅವರ ಮಗಳೂ ಇದ್ರು."

ಮಗಳ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿದ ಸದ್ದಾಯಿತು.

"ಅವಳದೇನೂ ತಪ್ಪಿಲ್ಲ ಡಾಕ್ಟ್ರೇ" ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ. "ಕಾಣ್ತಿಲ್ಲ ಅಂತ ನಾನು ಹೇಳಿದೆ ಅವಳಿಗೆ. ಆಮೇಲೆ ಬಾಯಿಪಾಠ ಒಪ್ಪಿಸ್ದೆ. ನನ್ನ ಬಾಯಿಗೆ ಬರೋದನ್ನ ಅವಳು ನಂಬಿದ್ಲು, ಅಷ್ಟೆ. ಎಲ್ಲರೂ ನಂಬ್ತಿದ್ರು." ದೀಪದಮ್ಮ ಮೂಗು ಏರಿಸಿಕೊಂಡಳು. ಕನ್ನಡಕ ತೆಗೆದು ಒರೆಸುತ್ತಿರಬೇಕು, ಕಡ್ಡಿ ಮಡಚಿದ ಸಣ್ಣ ಕಿರ್ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಎಡಗಡೆಯ ಸ್ಕ್ರೂ ಸಡಿಲವಾಗಿದೆ, ಬಿಗಿದುಕೊಡಬೇಕು ಎಂದು ಮನಸ್ಸು ತನ್ನ ಪಾಡಿಗೆ ಅಂದುಕೊಂಡಿತು. ಡಾಕ್ಟರು ಉಸಿರು ಬಿಟ್ಟು ಹತ್ತಿರ ಬಂದರು. ಈ ಸಲ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಮೇಷ್ಟ್ರೇ, ಈಗ ನಿಜ ಹೇಳಿ. ಎಷ್ಟು ಬೆರಳು?"

ಮೇಷ್ಟ್ರು ಧ್ವನಿ ಬಂದ ಕಡೆಗೆ, ಮುಖವಿರಬಹುದಾದ ಎತ್ತರಕ್ಕೆ, ಗಮನವಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

"ತೋರಿಸ್ತಿದೀರಾ ಡಾಕ್ಟ್ರೇ?" ಎಂದು ಕೇಳಿದರು.